ಗುಂಡಿಯ ಎರಡಿಂಚು

ಮಗುವಿಗೆಂದು ಎತ್ತಿಟ್ಟ ಹಣ ದೊಡ್ಡವರ ಕೈಯಲ್ಲಿ ಎಷ್ಟು ದಿನ ಉಳಿದೀತು? ಎತ್ತಿಡುವಾಗ ಎಲ್ಲರ ಮನಸ್ಸೂ ಒಳ್ಳೆಯದೇ. ಆಮೇಲೆ ಮನೆಯಲ್ಲಿ ಏನೋ ಕೆಡುತ್ತದೆ, ಇನ್ನೇನೋ ಒಡೆಯುತ್ತದೆ, ಮುಂದಿನ ತಿಂಗಳು ವಾಪಸ್ ಹಾಕಿದರಾಯಿತು ಅನ್ನುತ್ತೇವೆ. ಆ ಮುಂದಿನ ತಿಂಗಳನ್ನು ಕಂಡವರು ನಿಮ್ಮಲ್ಲಿದ್ದರೆ ಕೈ ಎತ್ತಿ. ನಮ್ಮ ಎರಡಿಂಚು ಮಾತ್ರ ಎತ್ತುವುದಿಲ್ಲ.

ಎರಡಿಂಚು ಅಂದರೆ ಪೇಟೆಬೀದಿಯ ದರ್ಜಿ. ಮಕ್ಕಳ ಬಟ್ಟೆ ಹೊಲಿಯುವಾಗ ಅಂಚಿನಲ್ಲಿ ಎರಡಿಂಚು ಬಟ್ಟೆಯನ್ನು ಒಳಗೆ ಮಡಚಿ ಬಿಡುವುದು ಅವನ ಪದ್ಧತಿ. ಮಗು ಬೆಳೆದಂತೆ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುತ್ತಾನೆ, ಅದಕ್ಕೆ ಕಾಸು ಕೇಳುವುದಿಲ್ಲ. ಊರಿನವರ ಬಾಯಲ್ಲಿ ಅವನ ಹೆಸರು ಎರಡಿಂಚು ಆದದ್ದು ಹೀಗೆ. ಅವನ ಆರು ವರ್ಷದ ಮಗಳ ಹೆಸರು ಗುಂಡಿ; ತೆವಳುವ ಕಾಲದಲ್ಲೇ ಅಂಗಡಿಯ ಗುಂಡಿ ಡಬ್ಬಿಯನ್ನು ತನ್ನದು ಮಾಡಿಕೊಂಡವಳು.

ದರ್ಜಿಗೆ ಕೆಲಸ ಕಲಿಸಿದವಳು ಅವನ ತಾಯಿ. ಎರಡು ವರ್ಷದ ಹಿಂದೆ ಅವಳ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲು ಆಗದೆ ಹೋಯಿತು. ಆಗ ತನ್ನ ಮೆಷಿನ್ ಮಾರಿ, ಕೂಡಿಟ್ಟದ್ದನ್ನೂ ಸೇರಿಸಿ, ನಲವತ್ತು ಸಾವಿರ ತಂದು ಮಗನ ಕೈಗಿಟ್ಟಳು. ಇದು ಗುಂಡಿಯದು, ಮುಂದೆ ಅವಳು ಓದಲಿ, ಇಲ್ಲವೇ ಕೆಲಸ ಕಲಿಯಲಿ, ಅದಕ್ಕಿರಲಿ ಅಂದಳು. ಮಗ ಅದನ್ನು ತನ್ನ ಖಾತೆಗೆ ಹಾಕಿದ. ಅಂಗಡಿಯ ಸಂಪಾದನೆ ಬೀಳುವುದೂ ಅದೇ ಖಾತೆಗೆ, ಮನೆ ಬಾಡಿಗೆ ಹೋಗುವುದೂ ಅದರಿಂದಲೇ.

ಮೊದಲು ಹೊಲಿಗೆ ಮೆಷಿನ್ನಿನ ಮೋಟಾರು ಸುಟ್ಟಿತು. ಎಂಟು ಸಾವಿರ ಹೋಯಿತು. ಆಮೇಲೆ ಅಂಗಡಿಯ ಮಾಡು ಸೋರಿತು. ಅದಕ್ಕೆ ಐದು. ಬಡ್ಡಿ ಅಷ್ಟೋ ಇಷ್ಟೋ ಬಂತು ನಿಜ. ಆದರೆ ಖಾತೆ ಅವನದಾದ್ದರಿಂದ ಬಡ್ಡಿಯೂ ಅವನ ಆದಾಯದ ಲೆಕ್ಕಕ್ಕೇ ಸೇರಿ, ಅದರಲ್ಲೂ ಒಂದಿಷ್ಟು ತೆರಿಗೆಗೆ ಹೋಯಿತು. ಹೀಗಿರುವಾಗ ಒಂದು ಬೆಳಿಗ್ಗೆ ತಾಯಿ, ಗುಂಡಿಯ ಹಣ ಈಗೆಷ್ಟಾಗಿದೆಯಪ್ಪಾ ಎಂದು ಕೇಳಿದಳು. ಅವನು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆಯದೆಯೇ "ಹ್ಞೂಂ, ಇದೆ" ಅಂದ. ಬಾಯಲ್ಲಿ ಸೂಜಿ ಇದ್ದರೆ ಹೆಚ್ಚು ಮಾತಾಡಬೇಕಾಗಿಲ್ಲ. ದರ್ಜಿಗಳಿಗೆ ಇದೊಂದು ಅನುಕೂಲ.

ಅಷ್ಟರಲ್ಲಿ ಅವನ ಹೆಂಡತಿ ಬ್ಯಾಂಕಿನ ಗೋಡೆಯ ಮೇಲೆ ಒಂದು ಕಾಗದ ನೋಡಿ ಬಂದಿದ್ದಳು: 'ಮಕ್ಕಳಿಗಾಗಿ ತೆರಿಗೆ ಮುಕ್ತ ಉಳಿತಾಯ ಖಾತೆ'. ಹೋಗಿ ವಿಚಾರಿಸಿ ಎಂದು ವಾರದಿಂದ ಹೇಳುತ್ತಿದ್ದಳು. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅಂಗಡಿಯ ಎದುರಿಗೆ ಒಂದು ವಾಚನಾಲಯ, ಅದರ ಬಾಗಿಲ ಮೇಲೆ 'ಎಲ್ಲರಿಗೂ ಮುಕ್ತ' ಎಂಬ ಬೋರ್ಡು. ಇಪ್ಪತ್ತು ವರ್ಷದಿಂದ ಮೆಷಿನ್ನಿನಿಂದ ತಲೆ ಎತ್ತಿದಾಗೆಲ್ಲ ಅವನಿಗೆ ಕಾಣುತ್ತಿದ್ದದ್ದು ಅದೇ.

"ಅದು ಎಲ್ಲರಿಗೂ ತೆರೆದಿದೆ, ಇದು ತೆರಿಗೆಗೆ ತೆರೆದಿದೆ. ಬರೆದು ಅಂಟಿಸಿದ ಮೇಲೂ ನಾನೇ ಹೋಗಿ ಬೀಳ್ಬೇಕಾ?" ಅಂದ.

ಆ ಶನಿವಾರ ಬ್ಯಾಂಕಿನ ಕೌಂಟರಿನಲ್ಲಿ ಕೂರುವ ಅಕ್ಕ ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಅಂಗಡಿಗೆ ಬಂದಳು. ಹೆಂಡತಿ ಸುಮ್ಮನಿರುತ್ತಾಳೆಯೇ? ಗಂಡನ ಪಾಂಡಿತ್ಯವನ್ನು ಅಕ್ಷರ ಬಿಡದೆ ಒಪ್ಪಿಸಿದಳು. ಅಕ್ಕನಿಗೆ ನಗು ತಡೆಯಲಾಗಲಿಲ್ಲ.

"ಮಾಸ್ಟ್ರೇ, ರೋಗಮುಕ್ತ ಅಂದ್ರೆ ರೋಗಕ್ಕೆ ಬಾಗಿಲು ತೆಗೆದಿಟ್ಟಿದಾರೆ ಅಂತಾನಾ? ಇದೂ ಹಾಗೇನೇ. ಈ ಖಾತೇಲಿ ಬರೋ ಬಡ್ಡಿಗೆ ತೆರಿಗೆ ಇಲ್ಲ. ಬೆಳೆದದ್ದೆಲ್ಲ ಪೂರ್ತಿ ಮಗೂದೇ."

ದರ್ಜಿ ಎದುರಿನ ಬೋರ್ಡನ್ನು ಒಮ್ಮೆ ದುರುಗುಟ್ಟಿ ನೋಡಿದ. ಇಪ್ಪತ್ತು ವರ್ಷದ ನೆರೆಯವನೇ ಕೈಕೊಟ್ಟ ಹಾಗಾಗಿತ್ತು.

ಅಕ್ಕ ಸ್ಟೂಲ್ ಎಳೆದುಕೊಂಡು ಬಿಡಿಸಿ ಹೇಳಿದಳು. ಖಾತೆ ಮಗುವಿನ ಹೆಸರಲ್ಲಿ, ನೋಡಿಕೊಳ್ಳುವವರು ತಂದೆ ಅಥವಾ ತಾಯಿ. ವರ್ಷಕ್ಕೆ ಇಷ್ಟೇ ಹಾಕಬಹುದು ಎಂಬ ಮಿತಿ ಇದೆ. ಅದರೊಳಗೆ ಅಜ್ಜಿಯೂ ಹಾಕಬಹುದು, ಮಾವನೂ ಹಾಕಬಹುದು. ಖಾತೆಯಲ್ಲಿ ಎರಡು ಬಗೆ. ಒಂದರಲ್ಲಿ ಬಡ್ಡಿ ನಿಧಾನಕ್ಕೆ ಸೇರುತ್ತದೆ, ಹಾಕಿದ ಹಣಕ್ಕೆ ಕೊರತೆಯಾಗುವುದಿಲ್ಲ. ಇನ್ನೊಂದರಲ್ಲಿ ಹಣ ಕಂಪನಿಗಳ ಷೇರಿಗೆ ಹೋಗುತ್ತದೆ. ಚೆನ್ನಾಗಿ ಬೆಳೆದೀತು, ಹಾಗೆಯೇ ಇಳಿದರೂ ಇಳಿದೀತು. ನಾನು ಹೇಳಿದೆ ಅಂತ ಹಾಕಬೇಡಿ, ಬಸ್ ನಿಲ್ದಾಣದ ಹತ್ತಿರದ ಬ್ಯಾಂಕಿನಲ್ಲೂ ಕೇಳಿ ನೋಡಿ ಎಂದೂ ಅಂದಳು.

"ಒಂದು ಮಾತು ಮಾತ್ರ ಈಗಲೇ ಹೇಳ್ತೀನಿ ಮಾಸ್ಟ್ರೇ. ಒಮ್ಮೆ ಹಾಕಿದ್ರೆ ಅವಳಿಗೆ ಹದಿನೆಂಟು ಆಗೋವರೆಗೂ ತೆಗೆಯೋ ಹಾಗಿಲ್ಲ. ಆಮೇಲೂ ತೆಗೆಯೋದು ಅವಳೇ, ನೀವಲ್ಲ."

ದರ್ಜಿಯ ಮುಖ ಇಳಿಯಿತು. ನಾಳೆ ಮತ್ತೊಂದು ಮೋಟಾರು ಸುಟ್ಟರೆ ಏನು ಗತಿ ಎಂದು ಅವನಿಗೆ ದಿಗಿಲಾಯಿತು. ಹನ್ನೆರಡು ವರ್ಷ ಹಣವನ್ನು ಕಟ್ಟಿಹಾಕುವುದು ಬೇಡ ಬಿಡಿ ಅಂದ.

ಕಿಟಕಿಯ ಪಕ್ಕ ಮೊಮ್ಮಗಳ ಜೊತೆ ಗುಂಡಿ ಆರಿಸುತ್ತಿದ್ದ ತಾಯಿ ಕೈ ನಿಲ್ಲಿಸದೆಯೇ ಕೇಳಿದಳು: "ಇವಳ ಫ್ರಾಕಿಗೆ ಎರಡಿಂಚು ಒಳಗೆ ಬಿಡ್ತೀಯಲ್ಲ, ಅದನ್ನ ಕತ್ತರಿಸಿ ನಿನ್ನ ಅಂಗಿಗೆ ಜೇಬು ಹೊಲ್ಕೋತೀಯಾ?"

ದರ್ಜಿ ಕತ್ತರಿ ಕೆಳಗಿಟ್ಟ. ನಾಚಿಕೆಯಿಂದ ಅವನ ಕಿವಿ ಬಿಸಿಯಾಗಿತ್ತು.

"ಹೊಲ್ಕೊಂಡಾಗಿದೆ ಅಮ್ಮಾ. ಹದಿಮೂರು ಸಾವಿರ ತೆಗ್ದಿದೀನಿ."

"ಗೊತ್ತು. ಮೋಟಾರಿನ ಸದ್ದು ಬದಲಾದ ದಿನವೇ ಗೊತ್ತಾಯ್ತು. ಮಂಜಾಗಿರೋದು ಕಣ್ಣು, ಕಿವಿಯಲ್ಲ."

ತಾಯಿ ಬೈಯಲಿಲ್ಲ. ಆ ಮೋಟಾರು ದುಡಿದದ್ದರಲ್ಲೇ ತಿಂಗಳಿಗೆ ಸಾವಿರದಂತೆ ತುಂಬಿಸು ಅಂದಳು. ಇಷ್ಟು ದಿನ ಎದೆಯ ಮೇಲಿದ್ದ ಭಾರ ಇಳಿದು ದರ್ಜಿಗೆ ಹಗುರವಾಯಿತು.

ಸೋಮವಾರ ಗಂಡ ಹೆಂಡತಿ ಇಬ್ಬರೂ ಎರಡೂ ಬ್ಯಾಂಕಿಗೆ ಹೋದರು. ಬಸ್ ನಿಲ್ದಾಣದ ಬ್ಯಾಂಕಿನಲ್ಲಿ ಬಡ್ಡಿ ಹೆಚ್ಚು ಎಂದು ದೊಡ್ಡದಾಗಿ ಬರೆದಿತ್ತು. ಈ ಸಲ ದರ್ಜಿ ಬೋರ್ಡು ನಂಬಲಿಲ್ಲ, ಎಷ್ಟು ದಿನಕ್ಕೆ ಈ ಬಡ್ಡಿ ಎಂದು ಕೇಳಿದ. ಮೊದಲ ವರ್ಷಕ್ಕೆ ಮಾತ್ರ, ಆಮೇಲೆ ಅರ್ಧಕ್ಕಿಳಿಯುತ್ತದೆ ಎಂದು ಗೊತ್ತಾಯಿತು. ಮೊದಲ ಒಗೆತಕ್ಕೇ ಬಣ್ಣ ಬಿಡುವ ಬಟ್ಟೆ ಇದು ಎಂದು ಹೆಂಡತಿಯ ಕಿವಿಯಲ್ಲಿ ಹೇಳಿ ಎದ್ದುಬಂದ. ಅಕ್ಕನ ಬ್ಯಾಂಕಿನಲ್ಲಿ ಬಡ್ಡಿ ತುಸು ಕಡಿಮೆ, ಆದರೆ ವರ್ಷ ಕಳೆದರೆ ಹಾಗೆ ಅರ್ಧಕ್ಕೆ ಬೀಳುವ ಷರತ್ತಿಲ್ಲ, ಖಾತೆ ನಡೆಸಲು ಶುಲ್ಕವೂ ಇಲ್ಲ. ಖಾತೆಯನ್ನು ಅಲ್ಲೇ ತೆರೆದರು. ಅಜ್ಜಿಯ ಹಣ ಏರಿಳಿತಕ್ಕೆ ಬೀಳುವುದು ಬೇಡವೆಂದು ನಿಧಾನದ ಬಗೆಯನ್ನೇ ಆರಿಸಿ, ಉಳಿದಿದ್ದ ಇಪ್ಪತ್ತೇಳು ಸಾವಿರ ಹಾಕಿದರು. ತೆಗೆದದ್ದೆಲ್ಲ ತುಂಬಿದ ಮೇಲೆ ತಿಂಗಳ ಸಾವಿರವನ್ನು ಷೇರಿನ ಬಗೆಯ ಖಾತೆಗೆ ಹಾಕೋಣವೇ ಎಂದು ಹೆಂಡತಿ ಆಗಲೇ ಯೋಚಿಸತೊಡಗಿದಳು. ಹನ್ನೆರಡು ವರ್ಷ ಸಮಯವಿದೆಯಲ್ಲ ಎಂಬುದು ಅವಳ ವಾದ.

ಪಾಸ್‌ಬುಕ್ ಮನೆಗೆ ಬಂದಾಗ ಗುಂಡಿ ತನ್ನ ಪೂರ್ತಿ ಹೆಸರನ್ನು ಬೆರಳಿಟ್ಟು ಓದಿದಳು.

"ಇದು ನಂದೇನಾ? ಅಪ್ಪನೂ ತೆಗೆಯೋ ಹಾಗಿಲ್ವಾ?"

"ಅಪ್ಪನೂ ತೆಗೆಯೋ ಹಾಗಿಲ್ಲ," ಅಂದ ದರ್ಜಿ. ಹಾಗೆ ಹೇಳುವಾಗ ಅವನಿಗೆ ನಿಜಕ್ಕೂ ಖುಷಿಯಾಯಿತು.

ಹದಿಮೂರನೆಯ ಸಾವಿರ ಹಾಕಿ ಬಂದ ದಿನ ಮಗಳ ಫ್ರಾಕು ಮೊಣಕಾಲಿಂದ ಮೇಲೇರಿತ್ತು. ದರ್ಜಿ ಅಂಚು ಬಿಚ್ಚಿದ. ಹೊರಗಿನ ಬಟ್ಟೆ ಬಿಸಿಲಿಗೆ ಮಾಸಿತ್ತು, ಒಳಗಿದ್ದ ಎರಡಿಂಚು ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು. ತಾಯಿ ಅದರ ಮೇಲೆ ಬೆರಳಾಡಿಸಿ, ಸವೆದೇ ಇಲ್ಲ ನೋಡು ಅಂದಳು.

ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗುವಿನ ಎರಡಿಂಚು ಈಗ ಯಾರ ಜೇಬಿನಲ್ಲಿದೆ? ನಿಯಮ, ಮಿತಿ ಒಂದೊಂದು ಕಡೆ ಒಂದೊಂದು ತರಹ; ಆದ್ದರಿಂದ ಈ ವಾರವೇ ಹೋಗಿ ಕೇಳಿ. ಖಾತೆ ಯಾರ ಹೆಸರಲ್ಲಿ, ಬಡ್ಡಿಗೆ ತೆರಿಗೆ ಇದೆಯೇ, ಈ ಬಡ್ಡಿ ಎಷ್ಟು ವರ್ಷಕ್ಕೆ, ಹಣ ಕೈಗೆ ಸಿಗುವುದು ಯಾವಾಗ, ಶುಲ್ಕವೆಷ್ಟು ಎಂದು ಕೂತು ಕೇಳಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ, ಎದುರಿನ ಬೋರ್ಡು ನೋಡಿ ಅರ್ಥ ಕಟ್ಟಿಕೊಳ್ಳಬೇಡಿ. ಮಗು ಹೇಗೂ ಬೆಳೆಯುತ್ತದೆ. ಬಿಚ್ಚುವ ದಿನ ಒಳಗೆ ಬಟ್ಟೆ ಇರಬೇಕು.