ಹೊರಗಿನ ಬೀಗ

ಟಕ್ ಎಂದಿತು, ಅಷ್ಟೇ, ಬಟ್ಟೆಯ ಕ್ಲಿಪ್ಪು ಮುರಿದಿರಬೇಕು ಎಂದುಕೊಂಡಳು ಅಪರ್ಣಾ, ಮುರಿಯಲಿ, ಯಜಮಾನರು ನಾಶಿಕಕ್ಕೆ ಹೋದ ಮೇಲೆ ಈ ಮನೆಯಲ್ಲಿ ಮುರಿಯದೆ ಉಳಿದದ್ದಾದರೂ ಯಾವುದು, ಮಿಕ್ಸಿಯ ಜಾರು, ಬಚ್ಚಲಿನ ನಳ, ಮಗಳು ತನ್ವಿಯ ಕನ್ನಡಕದ ಕಾಲು, ನಳದ ನೀರು ಕೆಳಗಿನ ಮನೆಯ ಸೀಲಿಂಗಿಗೆ ಇಳಿದು ಆ ಗಂಡಸು ಮೇಲೆ ಬಂದು ಏನೇನೋ ಅಂದದ್ದು, ಅವಳು ತಲೆ ಆಡಿಸಿದ್ದು — ಒದ್ದೆ ಚಡ್ಡಿಯನ್ನು ಬಾಲ್ಕನಿಯ ಹಗ್ಗಕ್ಕೆ ಹಾಕಿ ತಿರುಗಿದರೆ ಗಾಜಿನ ಬಾಗಿಲಿನ ಒಳಗಡೆ ಮನೀಶ ನಿಂತಿದ್ದಾನೆ, ಎರಡು ವರ್ಷದ ಹೊಟ್ಟೆಯನ್ನು ಮುಂದೆ ಮಾಡಿಕೊಂಡು, ಅಂಗೈಯನ್ನು ಗಾಜಿಗೆ ಒತ್ತಿಕೊಂಡು, ಬೆರಳ ತುದಿಗಳೆಲ್ಲ ಒತ್ತಿ ಬಿಳಿಯಾಗಿವೆ, ನಗುತ್ತಿದ್ದಾನೆ. ಅವಳೂ ನಕ್ಕು ಬಾಗಿಲನ್ನು ಸರಿಸಲು ಹೋದಳು. ಸರಿಯಲಿಲ್ಲ. ಟಕ್ ಎಂದದ್ದು ಕ್ಲಿಪ್ಪಲ್ಲ, ಚಿಲಕ, ಮುಟ್ಟಿದರೆ ಸಾಕು ಕೆಳಗೆ ಬೀಳುತ್ತದೆ, ಎತ್ತುವುದಕ್ಕೆ ಮಾತ್ರ ದೊಡ್ಡವರ ಬೆರಳೇ ಬೇಕು, ರಿಪೇರಿ ಮಾಡಿಸ್ತೇನೆ ಅಂದಿದ್ದರು, ಬಂದ ಮೇಲೆ ಮಾಡಿಸ್ತೇನೆ ಅಂದಿದ್ದರು. ಪುಟ್ಟಾ, ಅದನ್ನು ಮೇಲೆ ಮಾಡು, ಮೇಲೆ, ಹೀಗೆ ನೋಡು, ಎಂದು ಅವಳು ಗಾಳಿಯಲ್ಲಿ ಬೆರಳೆತ್ತಿ ತೋರಿಸಿದಳು, ಅವನಿಗೆ ಇದು ಹೊಸ ಆಟ, ಅವನೂ ಬೆರಳೆತ್ತಿ ತೋರಿಸಿದ, ಮತ್ತೆ ಅಂಗೈ ಒತ್ತಿದ. ಹಾಲು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನಲ್ಲ.

ಗಾಬರಿಯಾಗಬಾರದು, ಯಾರಾದರೂ ಬರುತ್ತಾರೆ, ಬರುವುದಿಲ್ಲ, ಯಾರೂ ಬರಬಾರದೆಂದೇ ತಾನೇ ಎಲ್ಲವನ್ನೂ ಮಾಡಿದ್ದು. ಬಾಗಿಲಿಗೆ ಹೊರಗಿನಿಂದ ಬೀಗ. ಸೊಸೈಟಿಯ ಹೆಂಗಸರಿಗೆ ಇವತ್ತು ಕೆಳಗಿನ ಅಂಗಳದಲ್ಲಿ ಸಂಕ್ರಾಂತಿಯ ಅರಿಸಿನ ಕುಂಕುಮ, ಜ್ಯೋತಿತಾಯಿ ಮನೆಮನೆಗೆ ಬಂದು ಕೈಹಿಡಿದು ಎಳೆದುಕೊಂಡು ಹೋಗುತ್ತಾಳೆ, ಎದುರಿನ ವಿಂಗಿನವಳು, ಒಳ್ಳೆಯವಳು, ಬೇಡ ಎಂದರೆ ಕೇಳುವವಳಲ್ಲ, ಅದಕ್ಕೇ ಬೆಳಿಗ್ಗೆಯೇ ಗ್ರೂಪಿನಲ್ಲಿ ಘಣಸೋಲಿಗೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ ಎಂದು ಬರೆದು ಕೈಮುಗಿಯುವ ಚಿತ್ರ ಹಾಕಿದ್ದು, ಅದಕ್ಕೇ ಮಧ್ಯಾಹ್ನ ಡ್ರಾಯಿಂಗ್ ಕ್ಲಾಸಿಗೆ ಹೊರಟ ತನ್ವಿಯ ಕೈಗೆ ಬೀಗ ಕೊಟ್ಟದ್ದು. ಹೊರಗಿಂದ ಹಾಕಿ ಹೋಗು ಮಗಾ, ಬಂದು ನೀನೇ ತೆಗಿ. ಎಂಟು ವರ್ಷದ್ದು ಸೊಂಟಕ್ಕೆ ಕೈ ಇಟ್ಟು ನಿಂತಿತು, ಮಮ್ಮೀ, ಹಮ್ ತೋ ಘರ್ ಪೇ ಹೈ ನಾ, ಝೂಟ್ ಕ್ಯೂಂ, ಮನೆಯಲ್ಲೇ ಇದ್ದೇವಲ್ಲ, ಸುಳ್ಳು ಯಾಕೆ. ಸುಳ್ಳಲ್ಲ ಅದು, ತಲೆನೋವು, ನೀನು ಹೋಗು ಆಯ್ತಾ. ಬೀಗ ಬಿದ್ದ ಸದ್ದು ಕೇಳಿ ಎಷ್ಟು ಹಾಯೆನಿಸಿತ್ತು, ಮನೆಯೊಳಗೆ ಬೆಕ್ಕಿನ ಹಾಗೆ ಓಡಾಡಿದ್ದಳು, ಇನ್ನು ಈ ಸಂಜೆ ಯಾರೂ ನನ್ನನ್ನು ಕರೆಯಲಾರರು ಎಂದು ಹಾಲಿಟ್ಟಿದ್ದಳು, ಚಹಾ ಮಾಡಿಕೊಂಡು ಕೂರಬೇಕೆಂದು. ಹೋದ ವರ್ಷ ಎಲ್ಲರೂ ಕಪ್ಪು ಸೀರೆ ಉಟ್ಟು ಸಾಲಾಗಿ ಕೂತಿದ್ದರು, ಒಬ್ಬೊಬ್ಬರಾಗಿ ಎದ್ದು ಗಂಡನ ಹೆಸರನ್ನು ಪ್ರಾಸದಲ್ಲಿ ಕಟ್ಟಿ ಮೈಕಿನಲ್ಲಿ ಹೇಳಬೇಕು, ಉಖಾಣಾ ಅಂತೆ, ಅವಳ ಸರದಿ ಬಂತು, ಬಿ.ಎ.ಯಲ್ಲಿ ಕನ್ನಡ ಕಾವ್ಯ ಓದಿದವಳು, ಮೈಕು ಹಿಡಿದು ನಿಂತೇ ಇದ್ದಳು, ಜ್ಯೋತಿತಾಯಿ ಪಕ್ಕದಿಂದ ಒಂದು ಸಾಲು ಪಿಸುಗುಟ್ಟಿದಳು, ಅದೂ ಬಾಯಿಂದ ಬರಲಿಲ್ಲ, ಮೈಕಿನಲ್ಲಿ ಬರೀ ಅವಳ ಉಸಿರು ಕೇಳುತ್ತಿತ್ತು, ಇಡೀ ಅಂಗಳಕ್ಕೆ, ಯಾರೋ ಲಾಜತೇ ಗ ತೀ ಎಂದರು, ನಾಚಿಕೆ ಅವಳಿಗೆ, ಎಲ್ಲರೂ ನಕ್ಕರು, ಕೆಟ್ಟ ನಗುವಲ್ಲ ಅದು, ಆದರೂ ನಗು. ನನ್ನ ಹೆಸರು ಹೇಳ್ಲಿಕ್ಕೆ ಅಷ್ಟು ಕಷ್ಟವಾ ಮಾರಾಯ್ತಿ, ಎಂದು ಗಂಡ ಯಜ್ಞೇಶ್ವರನೂ ಊಟ ಮಾಡುತ್ತ ನಕ್ಕಿದ್ದ.

ನೋಡು ಪುಟ್ಟಾ ಇಲ್ಲಿ, ಬೂ, ಕಾಣೆ ಕಾಣೆ, ಕಂಡೆ. ಅವನು ಗಾಜಿನ ಬಳಿ ಇರುವವರೆಗೆ ಒಲೆಯ ಬಳಿ ಇರುವುದಿಲ್ಲ, ಅಷ್ಟು ಮಾಡಬಲ್ಲಳು, ಮುಖವನ್ನು ಸೆರಗಿನಲ್ಲಿ ಮುಚ್ಚಿ ತೆರೆದು, ನಾಲಗೆ ಚಾಚಿ, ಕೋತಿಯ ಹಾಗೆ ಕೆನ್ನೆ ಉಬ್ಬಿಸಿ. ಅವನ ತಲೆಯ ಮೇಲಿಂದ ಹಾಲ್ ಕಾಣುತ್ತದೆ, ಸೋಫಾ, ಸೋಫಾದ ಮೇಲೆ ಫೋನು, ಅದರಾಚೆ ಅಡುಗೆಮನೆಯ ಕಟ್ಟೆ ಅರ್ಧ ಮಾತ್ರ, ಒಲೆ ಇರುವ ಅರ್ಧವನ್ನು ಗೋಡೆ ಮುಚ್ಚಿದೆ. ಫೋನು ಬೆಳಗಿತು. ಅವರದ್ದೇ, ಮಧ್ಯಾಹ್ನದ ಗಿರಾಕಿ ತೀರಿ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಎದ್ದ ಹೊತ್ತು, ಧಣಿಗಳು ನಾಶಿಕದಲ್ಲಿ ಹೊಸ ಬ್ರಾಂಚ್ ಹಾಕಿದ್ದಾರೆ, ನಾನೇ ಹೋಗಿ ಕೂರಿಸಬೇಕು, ನೀನೊಬ್ಬಳೇ ಸುಧಾರಿಸ್ತೀಯಲ್ಲ ಎಂದು ಕೇಳಿದಾಗಲೂ ಅವಳು ತಲೆ ಆಡಿಸಿದ್ದಳು, ಅದು ಹೌದೋ ಇಲ್ಲವೋ ಎಂದು ಯಾರೂ ಯಾವತ್ತೂ ತಿರುಗಿ ಕೇಳಿದ್ದಿಲ್ಲ. ಬೆಳಗಿ ಬೆಳಗಿ ಆರಿತು. ಮಲಗಿರಬೇಕು ಎಂದುಕೊಳ್ಳುತ್ತಾರೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಗೂಡು ಬಾಲ್ಕನಿಯ ಪಕ್ಕಕ್ಕೇ ಬಾಯಿ ಬಿಟ್ಟಿದೆ, ಅಲ್ಲಿಂದ ಈಗ ಸೀದ ಹಾಲಿನ ವಾಸನೆ, ಉಕ್ಕಿತು, ಉಕ್ಕಲಿ, ಪಾತ್ರೆ ಹೊತ್ತಿದರೆ ಹೊತ್ತಲಿ — ಆಮೇಲೆ ಇನ್ನೊಂದು ವಾಸನೆ. ಉಕ್ಕಿದ ಹಾಲು ಬೆಂಕಿಯನ್ನು ಆರಿಸಿದೆ. ಗ್ಯಾಸು ಹಾಗೇ ಬರುತ್ತಿದೆ. ಹೋಟೆಲಿನವರ ಮನೆಯ ಪಾಠ ಅದು, ಮದುವೆಯಾಗಿ ಬಂದ ವಾರವೇ ಅವರು ಹೇಳಿಕೊಟ್ಟದ್ದು, ವಾಸನೆ ಬಂತಂದ್ರೆ ಸ್ವಿಚ್ ಮುಟ್ಟಬಾರದು, ಒಂದೂ, ಕಿಡಿ ಹಾರಿದ್ರೆ ಮನೆಯೇ ಹೊತ್ತೀತು, ಮೊದಲು ಕಿಟಕಿ ತೆರಿ. ಕಿಟಕಿಯನ್ನು ಸೊಳ್ಳೆಗೆಂದು ತಾನೇ ಮುಚ್ಚಿದ್ದಾಳೆ. ಗಾಜು ಒಡೆಯಲೇ, ತುಳಸಿಯ ಕುಂಡ ಇದೆ, ಎತ್ತಿ ಹೊಡೆದರೆ ಗಾಜೆಲ್ಲ ಅವನ ಮುಖಕ್ಕೇ, ಮೂಗನ್ನು ಕೂಡ ಗಾಜಿಗೇ ಒತ್ತಿಕೊಂಡಿದ್ದಾನೆ, ಹೋಗು ಆಚೆ ಹೋಗು ಎಂದರೆ ಆಚೆ ಎಂದರೆ ಎಲ್ಲಿ, ಆಚೆ ಎಂದರೆ ಅಡುಗೆಮನೆ. ಕುಂಡವನ್ನು ಎತ್ತಿದಳು, ಇಳಿಸಿದಳು. ಬಿಳಿಯಾದ ಬೆರಳ ತುದಿಗಳು, ಅವನ ಬಾಯಿಯ ಸುತ್ತ ಗಾಜಿನ ಮೇಲೆ ಉಸಿರಿನ ಮಂಜು.

ಕೂಗಬೇಕು. ನಾಲ್ಕನೇ ಮಹಡಿಯ ಕೆಳಗೇ ಇದೆಯಲ್ಲ ಇಡೀ ಸೊಸೈಟಿ, ಕಪ್ಪು ಸೀರೆಗಳು, ಎಳ್ಳುಂಡೆಯ ತಟ್ಟೆಗಳು, ಮೈಕಿನಲ್ಲಿ ಯಾರೋ ಗಂಡನ ಹೆಸರು ಕಟ್ಟುತ್ತಿದ್ದಾಳೆ, ನಗು, ಚಪ್ಪಾಳೆ, ಠಾಕುರ್ಲಿಯ ಹಳಿಯ ಮೇಲೆ ಲೋಕಲ್ಲು ಹೋಗುತ್ತಿದೆ, ಇದು ಹೋಗಲಿ, ಆಮೇಲೆ ಕೂಗುತ್ತೇನೆ, ಹೋಯಿತು, ಇನ್ನು ಕೂಗು. ಏನೆಂದು ಕೂಗುವುದು, ಬಚಾವೋ ಎನ್ನುವುದೇ, ಸಿನಿಮಾದವರ ಮಾತು, ನಾಲಗೆಗೆ ಬರುವುದಿಲ್ಲ, ಈ ಊರಿಗೆ ಬಂದು ಒಂಬತ್ತು ವರ್ಷವಾದರೂ ತರಕಾರಿಯವನ ಹತ್ತಿರ ಅವಳ ಪರವಾಗಿ ಮಾತಾಡುವುದು ತನ್ವಿ, ಡಾಕ್ಟರ ಹತ್ತಿರ ಮಾತಾಡುವುದು ಅವರು, ಅವಳ ಗಂಟಲು ಮನೆಯೊಳಗಿನದ್ದು, ಪಿಸುಮಾತಿನ ಅಳತೆಯದ್ದು. ಘಣಸೋಲಿಗೆ ಹೋದವಳು ಬಾಲ್ಕನಿಯಲ್ಲಿ ನಿಂತು ಕೂಗಿದರೆ — ಛೀ, ಈಗಲೂ ಅದನ್ನೇ ಯೋಚಿಸುತ್ತಿದ್ದೀಯಾ, ಮಗು ಗ್ಯಾಸಿನಲ್ಲಿದೆ, ನೀನು ನಾಚಿಕೆಯನ್ನು ಯೋಚಿಸುತ್ತಿದ್ದೀ. ಜ್ಯೋತಿತಾಯೀ. ಬಂತು, ಆದರೆ ಬಾಲ್ಕನಿಯ ಕಟಾಂಜನದವರೆಗೆ ಮಾತ್ರ. ಇನ್ನೊಮ್ಮೆ. ಜ್ಯೋತಿತಾಯೀ. ಇದು ಯಾರ ದನಿ, ಸೀಳಿದ ಬಟ್ಟೆಯ ಹಾಗೆ, ಕಪ್ಪು ಸೀರೆಗಳ ಮುಖಗಳೆಲ್ಲ ಒಮ್ಮೆಲೇ ಮೇಲೆದ್ದವು, ಜ್ಯೋತಿತಾಯಿಯ ಕೈಯಲ್ಲೇ ಮೈಕು, ಅದನ್ನು ಬಾಯಿಂದ ಸರಿಸಲು ಮರೆತೇ ಕೇಳಿದಳು, ಅಗ, ತೂ ಘರೀಚ್ ಆಹೇಸ್, ಮನೆಯಲ್ಲೇ ಇದ್ದೀಯಾ, ಮನೆಯಲ್ಲೇ ಇದ್ದೀಯಾ ಎಂದು ಎದುರಿನ ಗೋಡೆಗಳೂ ಕೇಳಿದವು. ಬಾಳ್ ಆತ್, ಮೀ ಬಾಹೇರ್, ಗ್ಯಾಸ್, ಮಗು ಒಳಗೆ ನಾನು ಹೊರಗೆ, ಬಾಯಿಗೆ ಬಂದ ಮರಾಠಿ ಅಷ್ಟೇ. ಪಣ್ ದಾರಾಲಾ ಕುಲೂಪ್ ಆಹೇ ನಾ, ಬಾಗಿಲಿಗೆ ಬೀಗ ಇದೆಯಲ್ಲ, ಕರೆಯಲು ಬಂದವಳು ಬೀಗವನ್ನು ಕಣ್ಣಾರೆ ನೋಡಿ ಹೋಗಿದ್ದಾಳೆ. ಅಪರ್ಣಾ ಕಟಾಂಜನ ಹಿಡಿದು ಬಗ್ಗಿದಳು. ಮೀಚ್ ಲಾವ್ಲಂ, ಎಂದಳು, ನಾನೇ ಹಾಕಿದ್ದು, ಕುಲೂಪ್ ತೋಡಾ, ಒಡೀರಿ. ಯಾರೂ ನಗಲಿಲ್ಲ. ತಟ್ಟೆಗಳು ಕೆಳಗಿಳಿದವು, ಸೀರೆಗಳನ್ನು ಎತ್ತಿಹಿಡಿದು ಹೆಂಗಸರು ಲಿಫ್ಟಿನ ಕಡೆ ಓಡಿದರು, ವಾಚ್‌ಮನ್ ಕಬ್ಬಿಣದ ಸರಳನ್ನು ಹಿಡಿದು ಮೆಟ್ಟಿಲ ಕಡೆ.

ಬರುತ್ತಿದ್ದಾರೆ ಪುಟ್ಟಾ, ಇಲ್ಲೇ ಇರು, ಬೂ, ಎಲ್ಲಿ ಮೂಗು, ತೋರಿಸು ಮೂಗು, ಜಾಣ. ಅವನು ಒಮ್ಮೆ ಕೆಮ್ಮಿದ. ಇನ್ನೊಮ್ಮೆ. ಕಣ್ಣುಜ್ಜಿಕೊಂಡು ಮತ್ತೆ ಅಂಗೈಯನ್ನು ಗಾಜಿಗೆ ಒತ್ತಿದ, ಅವಳು ಈಚೆಯಿಂದ ತನ್ನದನ್ನು ಅದರ ಮೇಲಿಟ್ಟಳು, ಗಾಜು ತಣ್ಣಗಿದೆ, ಅವನ ಬಿಸಿ ಬರುವುದಿಲ್ಲ. ಈಗ ಬೀಗ ಒಡೆಯುತ್ತಾರೆ, ನೇರ ಒಡೆದುಬಿಡಲಿ, ಬೇರೇನೂ ಮುಟ್ಟದಿರಲಿ — ಬೆಲ್ಲು. ಬೆಲ್ಲು ಒತ್ತಬೇಡಿ ಎಂದು ಹೇಳಲಿಲ್ಲ. ಅದನ್ನು ಹೇಳಲೇ ಇಲ್ಲ, ಯಾರ ಮನೆಗೆ ಹೋದರೂ ಕೈ ಮೊದಲು ಅಲ್ಲಿಗೇ ಹೋಗುತ್ತದಲ್ಲ, ಬೀಗವಿದ್ದರೂ, ಗಾಬರಿಯಲ್ಲಿ, ಒಳಗಿನ ಮಗುವಿಗೆ ಧೈರ್ಯವಾಗಲೆಂದು ಯಾರಾದರೂ, ಯಜ್ಞೇಶ್ವರಾ, ಎಂದಳು, ಮೊದಲ ಸಲ ಬಾಯಿಬಿಟ್ಟು, ಯಾರಿಗೂ ಅಲ್ಲ, ಯಜ್ಞೇಶ್ವರಾ, ಯಾರಾದರೂ ಅದನ್ನು ಮುಟ್ಟದ ಹಾಗೆ — ಬೆಲ್ಲು ಕೂಗಿತು. ಹಕ್ಕಿಯ ದನಿಯ ಬೆಲ್ಲು, ಗಾಜಿನ ಈಚೆಗೂ ಕೇಳಿಸಿತು. ಅವಳು ಕಣ್ಣು ಮುಚ್ಚಿದಳು, ತೆರೆದಳು, ಏನೂ ಆಗಲಿಲ್ಲ, ಮಗು ಅಲ್ಲೇ ಇದೆ, ಇಡೀ ಮಗು. ಆದರೆ ಅದರ ಮುಖ ಬೆಳಗಿದೆ. ಅವರು ಹೋದಂದಿನಿಂದ ಅದಕ್ಕೆ ಬೆಲ್ಲೆಂದರೆ ಒಂದೇ, ಹಾಲಿನವನು ಒತ್ತಿದರೂ ಒಂದೇ, ಪಪ್ಪಾ ಎಂದು ತುಟಿ ಆಡಿತು, ಬೇಡ ಪುಟ್ಟಾ, ಅಲ್ಲ ಅದು, ಪಪ್ಪ ಅಲ್ಲ, ಇಲ್ಲಿ ನೋಡು, ಬೂ, ನೋಡು ಅಮ್ಮ ಕೋತಿ, ಅವಳು ಎರಡೂ ಕೈಗಳಿಂದ ಗಾಜು ಬಡಿದಳು, ಮನೀಶ ಬೆನ್ನು ತಿರುಗಿಸಿ ಓಡಿದ, ಸೋಫಾ ದಾಟಿ, ಬಾಗಿಲಿಗೆ ಹೋಗುವ ದಾರಿ ಅಡುಗೆಮನೆಯನ್ನು ಹಾದೇ ಹೋಗಬೇಕು, ಗೋಡೆಯ ಮರೆಗೆ ಅವನ ಹಿಮ್ಮಡಿ ಹೋಯಿತು. ಕಬ್ಬಿಣದ ಮೇಲೆ ಕಬ್ಬಿಣದ ಏಟು. ಮತ್ತೆ ಬೆಲ್ಲು. ಏಟು. ಕಾಣುವುದು ಸೋಫಾ, ಅರ್ಧ ಕಟ್ಟೆ. ಏಟು. ಗಾಜಿನ ಮೇಲೆ ಅವನ ಕೈ, ಬರೀ ಅಚ್ಚು, ಪುಟ್ಟ ಬೆರಳುಗಳು, ಹೆಬ್ಬೆರಳು ಆಚೆ ಚಾಚಿದೆ, ಉಸಿರಿನ ಮಂಜು ಸುತ್ತಲಿಂದ ಕರಗುತ್ತಿದೆ, ಅಂಗೈ, ಬೆರಳು, ಏಟು, ಅಳಿಸಿಹೋಗದ ಹಾಗೆ ಅವಳು ಈಚೆಯಿಂದ ಕೈ ಇಟ್ಟಿದ್ದಾಳೆ, ಒಳಬದಿಯ ಅಚ್ಚು ಅದು, ಇಲ್ಲಿಂದ ಹಿಡಿಯಲಾಗುವುದಿಲ್ಲ, ಅಂಗೈ, ಪುಟ್ಟ ಅಂಗೈ, ಗಾಜಿನ ಮೇಲೆ