ಜಗಲಿಯ ಅಂಚಿಗಿಟ್ಟ ಮನವಿ

೧೯೮೫ ಅಂತರರಾಷ್ಟ್ರೀಯ ಯುವ ವರ್ಷವೆಂದು ರೇಡಿಯೋದಲ್ಲಿ ಕೇಳಿದ್ದೇ ತಡ, ನಮ್ಮೂರಲ್ಲೂ ಯುವಕ ಸಂಘ ಹುಟ್ಟಿತು. ಶಾನುಭೋಗರ ಮಗ ಅನಂತಪದ್ಮನಾಭ ಅದರ ಅಧ್ಯಕ್ಷ. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರನ್ನು ದೂರ ನಿಲ್ಲಿಸುವುದನ್ನು ಖಂಡಿಸಿ ವಿಶ್ವಸಂಸ್ಥೆಗೆ ಮನವಿ ಕಳಿಸಬೇಕೆಂದು ಅವನ ಮನೆಯ ಜಗಲಿಯ ಮೇಲೆ ಸಭೆ ಸೇರಿದೆವು. ಅವನ ಭಾಷಣ ಕೇಳಿ ನನಗಂತೂ ರಕ್ತ ಕುದಿಯಿತು.

ಎಲ್ಲರೂ ಸಹಿ ಹಾಕಿದ ಮೇಲೆ ಕೆಳಗೇರಿಯ ನಿಂಗರಾಜನ ಸರದಿ ಬಂತು. ತಿ. ನರಸೀಪುರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅವನೂ ಅನಂತನೂ ಒಂದೇ ಸೀಟಿನವರು. ಊರೊಳಗೆ ಮಾತ್ರ ಅವನ ಜಾತಿಯವರು ಜಗಲಿ ಹತ್ತುವ ಹಾಗಿರಲಿಲ್ಲ. ಭಾಷಣವನ್ನೆಲ್ಲ ಅವನು ಬೀದಿಯಲ್ಲೇ ನಿಂತು ಕೇಳಿದ್ದ.

ಅನಂತ ಮನವಿಯನ್ನೂ ಪೆನ್ನನ್ನೂ ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿದ. ಆ ಕೇರಿಯವರಿಗೆ ಅವನ ಮನೆಯಲ್ಲಿ ಏನು ಕೊಟ್ಟರೂ ಹೀಗೆಯೇ. ಕೈಗೆ ಕೊಡುವ ರೂಢಿಯಿಲ್ಲ.

ನಿಂಗರಾಜ ಕಾಗದ ಮುಟ್ಟಲಿಲ್ಲ. "ಇದು ಎಲ್ಲೀಗಂಟ ಓಯ್ತದೆ, ಅಯ್ನೋರೇ?" ಎಂದ. ಬಸ್ಸಿನಲ್ಲಾದರೆ ಬರೀ "ಅನಂತ" ಎನ್ನುತ್ತಿದ್ದವನು.

"ಅಮೆರಿಕಾಕ್ಕೆ ಕಣೋ."

"ಅಷ್ಟು ದೂರ ಓಗೋ ಕಾಗದ, ನನ್ನ ಕೈಗೆ ಬರಾಕಿಲ್ವಾ?"

ಅನಂತನ ತಾಯಿ ಜಾನಕಮ್ಮ ಬಾಗಿಲಿಗೆ ಬಂದು ನಿಂತರು. ಅವನು ಅಮ್ಮನತ್ತ ಒಮ್ಮೆ ನೋಡಿ, ಕಾಗದವನ್ನೂ ಪೆನ್ನನ್ನೂ ಎತ್ತಿಕೊಂಡು ಬೀದಿಗಿಳಿದ. ನಿಂಗರಾಜನ ಕೈಗೇ ಕೊಟ್ಟ. ಬರೆಯಲು ಆಸರೆ ಬೇಕಲ್ಲ, ತಿರುಗಿ ಬೆನ್ನು ಬಾಗಿಸಿ ನಿಂತ.

"ಅಲ್ಲಾಡಬ್ಯಾಡ ಕಣ್ಲಾ ಅನಂತ," ಎನ್ನುತ್ತ ನಿಂಗರಾಜ ಆ ಬೆನ್ನಿನ ಮೇಲೆ ಕಾಗದವಿಟ್ಟು ಸಹಿ ಹಾಕಿದ.