ಅಜ್ಜಿ ಸತ್ತಿಲ್ಲ

“ಗಟ್ಟಿಯಾಗಿ ತಿಕ್ಕೇ ಜ್ಯಾಪ್, ಎಮ್ಮೆ! ಕೆನ್ನೆಗೆ ಪೌಡರ್ ಹಚ್ತಿದೀಯಾ?”

ಪ್ರಾಸಿತ್ ಮೇಷ್ಟ್ರು ಬಾಗಿಲಲ್ಲಿ ನಿಂತು ಕೂಗಿದ. ನಾನು ಖಮ್ಲಾಳ ತೊಡೆಗೆ ಮುಲಾಮು ತಿಕ್ಕುತ್ತಿದ್ದೆ. ಡಬ್ಬಿಯ ಮೇಲೆ ಹೆಸರಿಲ್ಲ, ಊರಿಲ್ಲ. ನೋವಿನ ಮುಲಾಮು ಅಂತ ಅವನು ಹೇಳಿದ್ದ. ನೋವಿರಲಿ ಬಿಡಲಿ, ದಿನಾ ಹಚ್ಚಲೇಬೇಕು. ಈಸಾನ್ ಸೀಮೆಯ ಭತ್ತದ ಗದ್ದೆಗಳಿಂದ ಭಾರ ಎತ್ತುವ ಸ್ಪರ್ಧೆಗೆ ಆರಿಸಿ ತಂದ ಹುಡುಗಿಯರು ನಾವು. ಹೆಣ್ಣಾಳಿನ ಮೈಗೆ ಏನಾಗುತ್ತಿದೆ ಅಂತ ಕೇಳುವವರು ಅಲ್ಲೂ ಇರಲಿಲ್ಲ, ಇಲ್ಲೂ ಇಲ್ಲ.

“ಮೇಷ್ಟ್ರೇ, ಮೂಗಿನ ಕೆಳಗೆ ಕೂದ್ಲು ಬರ್ತೈತೆ. ಮುಟ್ಟು ನಿಂತೋಗೈತೆ,” ಅಂದಳು ಖಮ್ಲಾ.

“ಪದಕ ಬರ್ಲಿ, ಮೀಸೆ ಬೋಳಿಸಿ ಮದ್ವೆ ಮಾಡುಸ್ತೀನಿ.”

ಅವನು ನಕ್ಕ. ನಾವೂ ನಗಬೇಕಾಯಿತು.

ಆ ಭಾನುವಾರ ಖಮ್ಲಾ ನನ್ನ ಪಕ್ಕ ಕೂತು ಊರಿಗೆ ಫೋನ್ ಮಾಡಿದಳು.

“ಅವ್ವಾ, ನಾನು.”

“ಯಾರೋ ನೀನು? ನನ್ ಮಗಳ ಫೋನು ನಿನ್ ಕೈಗೆ ಹೆಂಗ್ ಬಂತೋ?”

“ನಾನೇ ಕಣವ್ವಾ, ಖಮ್ಲಾ!”

“ಥೂ, ಕುಡ್ದಿದೀಯಾ ಮುಂಡೇಮಗನೇ? ಅವ್ಳಿಗೆ ಕೊಡು!”

ಅವ್ವ ಫೋನಿಟ್ಟಳು. ಖಮ್ಲಾ ಗಡಸಾಗಿಹೋದ ಗಂಟಲು ಹಿಡಿದುಕೊಂಡು ಕೂತುಬಿಟ್ಟಳು. ಆಮೇಲೆ ಅಂಟಕ್ಕಿಯ ಅನ್ನ ಮುಂದಿಟ್ಟರೂ ಮುಟ್ಟಲಿಲ್ಲ.

ಎರಡು ದಿನ ಬಿಟ್ಟು ಬ್ಯಾಂಕಾಕಿನಿಂದ ಉಚ್ಚೆ ಪರೀಕ್ಷೆಯವರ ಕಾರು ಗೇಟಿಗೆ ಬಂತು; ಆಟಗಾರರ ಮೈಯಲ್ಲಿ ಕದ್ದ ಮದ್ದು ಇದೆಯಾ ಅಂತ ನೋಡುವವರು ಅವರು. ಅವರು ಬಂದಾಗಲೆಲ್ಲ ನಮ್ಮನ್ನು ಪಿಕಪ್ ಗಾಡಿಗೆ ತುಂಬಿ, ಹಿಂದಿನ ದಾರಿಯಿಂದ ಭಿಕ್ಷುಗಳ ಮಠಕ್ಕೆ ಸಾಗಿಸುತ್ತಿದ್ದರು. ಕೇಳಿದರೆ ಒಂದೇ ಉತ್ತರ: ಅಜ್ಜಿ ಸತ್ತಿದ್ದಾಳೆ, ಹುಡುಗಿ ಊರಿಗೆ ಹೋಗಿದ್ದಾಳೆ. ನಮ್ಮ ಅಜ್ಜಿಯಂದಿರಷ್ಟು ಸಲ ಸತ್ತವರು ಈ ದೇಶದಲ್ಲೇ ಇರಲಿಕ್ಕಿಲ್ಲ.

“ಹತ್ರೇ ಬೇಗ! ಖಮ್ಲಾ, ನಿಮ್ಮಜ್ಜಿ ಇವತ್ತು ಸತ್ಲು,” ಅಂದ ಮೇಷ್ಟ್ರು.

“ಸತ್ತಿಲ್ಲ. ಮನೇಲಿ ಕೂತ್ಕಂಡು ಕೋಸಂಬರಿಗೆ ಪರಂಗಿಕಾಯಿ ಕುಟ್ತಾವ್ಳೆ.” ಹತ್ತಿದ್ದವಳು ಕೆಳಗೆ ಧುಮುಕಿದಳು.

“ಲೌಡಿ! ಸಿಕ್ಕಾಕ್ಕೊಂಡ್ರೆ ಕೆಡೋದು ನಿನ್ ಹೆಸ್ರು, ನಂದಲ್ಲ. ಆಟ ಮುಗೀತು, ಗದ್ದೇಲಿ ಸಾಯ್ತೀಯ!”

“ಸಾಯ್ತೀನಿ ಬಿಡು. ನನ್ ಮೈಯೊಳಗೆ ನೀನು ಏನ್ ತುಂಬಿದೀಯ ಅಂತ ತಿಳ್ಕಂಡು ಸಾಯ್ತೀನಿ.”

ಅಂಗಳ ದಾಟಿ ಪರೀಕ್ಷೆಯ ಹೆಂಗಸಿನ ಮುಂದೆ ನಿಂತಳು. “ನೀವು ಹುಡುಕ್ತಿರೋ ಖಮ್ಲಾ ನಾನೇ.”

ಆ ಗಡಸು ದನಿಗೆ ಹೆಂಗಸು ಬೆಚ್ಚಿ, ಕೈಯಲ್ಲಿದ್ದ ಫೋಟೋ ನೋಡಿದಳು. ಅದರಲ್ಲಿದ್ದದ್ದು ಹೋದ ವರ್ಷದ ದುಂಡು ಮುಖದ ಹುಡುಗಿ. ಎದುರಿಗಿದ್ದವಳ ದವಡೆ ಗಂಡಸಿನದು.

“ಇವ್ಳಲ್ಲ ಮೇಡಂ! ಇವ್ಳು ಅಡುಗೆಯವ್ಳು, ತಲೆ ನೆಟ್ಟಗಿಲ್ಲ,” ಅಂತ ಮೇಷ್ಟ್ರು ಓಡಿ ಬಂದು ಹಲ್ಲು ಕಿರಿದ. ನಮ್ಮ ಗುರುತಿನ ಚೀಟಿಗಳೆಲ್ಲ ಅವನ ಬೀರುವಿನಲ್ಲಿದ್ದವು.

ಖಮ್ಲಾ ವಾದಕ್ಕೆ ನಿಲ್ಲಲಿಲ್ಲ. ಚಪ್ಪರದಡಿ ಬಿದ್ದಿದ್ದ ಸರಳಿಗೆ ದೊಡ್ಡ ಬಿಲ್ಲೆಗಳನ್ನು ಒಂದೊಂದಾಗಿ ಏರಿಸಿದಳು. ಬಾಗಿ ಹಿಡಿದು, ಎದೆಗೆ ತಂದು, ತಲೆಯ ಮೇಲಕ್ಕೆತ್ತಿ ನಿಂತಳು. ಕುತ್ತಿಗೆಯ ನರ ಉಬ್ಬಿತ್ತು.

“ಅಡುಗೆಯವ್ಳು ಇದನ್ನ ಎತ್ತಾಳೇನೋ, ಸೂಳೆಮಗನೇ?”

ಭಾರ ಕೆಳಗೆ ಬಿಟ್ಟಳು. ನೆಲ ಅದುರಿತು. “ಉಚ್ಚೆ ಬಟ್ಲು ಕೊಡಿ ಮೇಡಂ.”

ಹೆಂಗಸು ಕೊಟ್ಟಳು.

ನಾವು ಇನ್ನೂ ಗಾಡಿಯಲ್ಲೇ ಕೂತಿದ್ದೆವು. ನನಗೆ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ ಇಳಿದೆ. ಮೇಷ್ಟ್ರು ನನ್ನ ರಟ್ಟೆ ಹಿಡಿದ. ನಾನು ಬರೀ ಕೊಡವಿದೆ. ಅವನು ಹೋಗಿ ಗೋಡೆಗೆ ಅಪ್ಪಳಿಸಿ ಕುಸಿದ. ಆ ಬಲ ಅವನೇ ತುಂಬಿಸಿದ್ದು.

“ನಂಗೂ ಒಂದು ಬಟ್ಲು,” ಅಂದೆ.

“ಇವತ್ತು ನಿನ್ ಸರದಿ ಇಲ್ಲಮ್ಮ.”

ಹಿಂದೆ ಗಾಡಿಯಿಂದ ಒಬ್ಬೊಬ್ಬರೇ ಧುಮುಕುವ ಸದ್ದು ಕೇಳಿಸಿತು.

“ನಮಗೆಲ್ಲಾ ಅರ್ಜೆಂಟಾಗೈತೆ ಮೇಡಂ,” ಅಂದೆ. “ಬಟ್ಲು ತೆಗೀರಿ.”